ಒಂದೇ ಪೈಕಿಯ ಗುಳಿಗೆಗಳು

ನಮ್ಮೂರಿನಲ್ಲಿ ನುಂಗಿದ ಮದ್ದು ಹೊಟ್ಟೆಗಿಳಿದ ಮೇಲೆ ಮಾತಾಡುತ್ತದೆ. ಬೇರೆ ಊರುಗಳಲ್ಲಿ ಹಾಗಿಲ್ಲ ಅಂತ ಕೇಳಿದ್ದೇನೆ. ಅಲ್ಲಿ ನುಂಗಿದ್ದು ನುಂಗಿದ ಹಾಗೆ. ಒಳಗೆ ಹೋಗಿ ಏನು ಮಾಡಿತು, ಯಾರ ಜೊತೆ ಸೇರಿತು, ಯಾರ ಜೊತೆ ಮುನಿಸಿಕೊಂಡಿತು, ಒಂದೂ ಹೊರಗೆ ತಿಳಿಯುವುದಿಲ್ಲವಂತೆ. ಪಾಪ, ಆ ಜನ ಹೇಗೆ ಬಾಳುತ್ತಾರೋ ಏನೋ. ನನಗಂತೂ ಅವರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಇಲ್ಲಿ ಎಲ್ಲರ ಮನೆಯಲ್ಲೂ ಇದು ದಿನದ ಸಂಗತಿ. ಜ್ವರದ ಗುಳಿಗೆ ದೊಡ್ಡ ವಾಚಾಳಿ. ಒಳಗೆ ಹೋದದ್ದೇ ಒಂದು ತಾಸು ಬಿಡದೆ ಹರಟೆ ಹೊಡೆದು, ಮೈಯೆಲ್ಲ ಬೆವರಿಸಿ, ಆಮೇಲೆ ನಿದ್ದೆ ಹೋಗಿಬಿಡುತ್ತದೆ. ಬಿಪಿ ಗುಳಿಗೆ ‘ನಿಧಾನ, ನಿಧಾನ’ ಎನ್ನುತ್ತಲೇ ದಿನ ಕಳೆಯುತ್ತದೆ. ಸಕ್ಕರೆ ಕಾಯಿಲೆಯದು ಅನ್ನದ ತುತ್ತು ಒಳಗೆ ಬಂತೋ ಇಲ್ಲವೋ, ‘ಎಷ್ಟು ಮಂದಿ ಬಂದೀರಿ, ಸಾಲಾಗಿ ನಿಲ್ರಿ’ ಎಂದು ಗದರಿಸುತ್ತದೆ. ಟಾಕೀಸಿನಲ್ಲಿ ಗುಳಿಗೆ ನುಂಗಿ ಬಂದವರಿಗೆ ಹಿಂದಿನ ಎರಡು ಸಾಲು ಬೇರೆ ಇವೆ. ಕನ್ಯೆ ನೋಡಲು ಹೊರಟ ಹಿರಿಯರು ಹೊಟ್ಟೆಗೆ ದಪ್ಪ ಟವೆಲು ಸುತ್ತಿಕೊಂಡೇ ಹೋಗುತ್ತಾರೆ. ಆ ಮನೆಯವರೂ ಅದನ್ನು ಕಂಡೂ ಕಾಣದವರಂತೆ ಇರುತ್ತಾರೆ. ಸಾಲೆಯ ಮಾಸ್ತರರು ಪಾಠ ಮುಗಿಸಿದ ಮೇಲೆಯೇ ಗುಳಿಗೆ ತೆಗೆದುಕೊಳ್ಳಬೇಕೆಂದು ಪಂಚಾಯಿತಿಯಲ್ಲಿ ಠರಾವು ಆಗಿದೆ. ಒಮ್ಮೆ ಮಗ್ಗಿ ಒಪ್ಪಿಸುತ್ತಿದ್ದ ಮಕ್ಕಳಿಗೆ ಮಾಸ್ತರರ ಹೊಟ್ಟೆಯೇ ತಪ್ಪು ಉತ್ತರ ಹೇಳಿಕೊಟ್ಟಿತ್ತು. ಯಾರಿಗೆ ಏನು ಕಾಯಿಲೆ ಎಂಬುದು ಊರಲ್ಲಿ ಗುಟ್ಟಲ್ಲ, ಹಾಗಾಗಿ ಅದರ ನಾಚಿಕೆಯೂ ಯಾರಿಗೂ ಇಲ್ಲ.

ಒಂದು ಮದ್ದಾದರೆ ಹೇಗೋ ನಡೆಯುತ್ತದೆ. ಎರಡು ಸೇರಿದವೋ, ಸುದ್ದಿ ಬೇರೆ. ಕೆಲವು ಎಣ್ಣೆ ಸೀಗೆಕಾಯಿ. ಒಂದರ ಮುಖ ಒಂದಕ್ಕೆ ಆಗದು. ಆ ಜಗಳ ಬಿಡಿಸುವುದೇ ನನ್ನ ಕೆಲಸ. ನನ್ನ ಹೆಸರು ನೀಲಗಂಗವ್ವ, ವಯಸ್ಸು ಅರವತ್ತಮೂರು, ಈ ಕೆಲಸ ನನಗೆ ಅತ್ತೆಯಿಂದ ಬಂದದ್ದು. ಬೆಳಗಿನ ಒಂಬತ್ತಕ್ಕೆ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತೇನೆ. ಬಂದವರು ಅಂಗಾತ ಮಲಗುತ್ತಾರೆ. ಚಿಮಣಿಗೆ ಎಣ್ಣೆ ಸುರಿಯುವ ತಾಮ್ರದ ಲಾಳಿಕೆಯನ್ನು ಅವರ ಹೊಕ್ಕುಳ ಮೇಲೆ ಬೋರಲು ಹಾಕಿ, ಸಣ್ಣ ತುದಿಗೆ ಕಿವಿ ಹಚ್ಚಿ, ಒಳಗೆ ಯಾರು ಯಾರಿಗೆ ಏನು ಅನ್ನುತ್ತಿದ್ದಾರೆ ಎಂದು ಕೇಳುತ್ತೇನೆ. ಹೋದ ವರ್ಷ ಗಿರಣಿಯ ಶಂಕ್ರವ್ವ ಬಂದಿದ್ದಳು. ಆರು ತಿಂಗಳಿಂದ ಕಬ್ಬಿಣದ ಗುಳಿಗೆ ನುಂಗುತ್ತಿದ್ದರೂ ಮುಖ ಬಿಳುಚಿಕೊಂಡೇ ಇತ್ತು. ಕಿವಿ ಇಟ್ಟು ಕೇಳಿದರೆ, ಒಳಗೆ ಚಹಾ ಆ ಗುಳಿಗೆಯ ಕೈ ಹಿಡಿದುಕೊಂಡು ‘ಕೂಡು, ಹೋಗೀಯಂತ’ ಎಂದು ಉಪಚಾರ ಮಾಡುತ್ತಿದೆ. ಗುಳಿಗೆ ‘ಬಿಡವಾ, ನಾ ರಕ್ತಕ್ಕ ಹೋಗಬೇಕು’ ಎಂದು ಗೋಗರೆಯುತ್ತಿದೆ. ಚಹಾ ಬೆಳಿಗ್ಗೆ ಕುಡಿ, ಗುಳಿಗೆ ಮಧ್ಯಾಹ್ನ ನುಂಗು ಎಂದೆ. ಎರಡು ತಿಂಗಳಿಗೆ ಅವಳ ತುಟಿಗೆ ಬಣ್ಣ ಬಂತು.

ಊರಿನ ದವಾಖಾನೆಯ ಇಂದುಮತಿ ಡಾಕ್ಟರಿಗೂ ನನಗೂ ಒಂದು ಒಪ್ಪಂದವಿದೆ. ಮದ್ದು ಬರೆಯುವುದು, ನಿಲ್ಲಿಸುವುದು ಅವರ ಕೆಲಸ. ಯಾವ ಹೊತ್ತಿಗೆ ಯಾವುದು, ಊಟದ ಮೊದಲೋ ಆಮೇಲೋ, ಎರಡರ ನಡುವೆ ಎಷ್ಟು ತಾಸು ಎಂದು ನೋಡುವುದು ನನ್ನದು. ಅವರ ಗಡಿಯೊಳಗೆ ನಾನು ಕಾಲಿಟ್ಟಿಲ್ಲ, ನನ್ನ ಚಾಪೆಯ ಮೇಲೆ ಅವರು ಕಾಲಿಟ್ಟಿಲ್ಲ. ನನ್ನದು ಎರಡೇ ಕಟ್ಟಳೆ. ಮೊದಲನೆಯದು, ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ನುಂಗಕೂಡದು. ಪಕ್ಕದ ಮನೆಯವರಿಂದ ಮೊಸರಿಗೆ ಹೆಪ್ಪು ತಂದ ಹಾಗೆ ಗುಳಿಗೆ ತಂದವರಿಗೆ ನಾನು ಹಾಕಿದ ಮಂಗಳಾರತಿ ಊರಿಗೆಲ್ಲ ಗೊತ್ತು. ಎರಡನೆಯದು ನನ್ನ ಅತ್ತೆಯ ಕಾಲದ್ದು. ಹೊಟ್ಟೆಗೆ ಹೊಸ ಮದ್ದು ಬಂದರೆ ಮೊದಲ ದಿನವೇ ಹೊಟ್ಟೆಯನ್ನು ಮೂರು ಸಲ ತಟ್ಟಿ, ‘ಯಾರ ಪೈಕಿ?’ ಎಂದು ಕೇಳಬೇಕು. ಮನೆಗೆ ಬಂದ ಹೊಸಬರನ್ನು ನಾವು ಕೇಳುವುದಿಲ್ಲವೇ, ಹಾಗೆ. ಅದು ‘ಕೆಮ್ಮಿನ ಪೈಕಿ’ ಅಂತಲೋ ‘ಬಿಪಿ ಪೈಕಿ’ ಅಂತಲೋ ಹೇಳುತ್ತದೆ. ಬೇರೆ ಪೈಕಿಯದಾದರೆ ನಾಲ್ಕು ದಿನ ಎಚ್ಚರ. ಒಳಗೆ ಮೊದಲೇ ಇರುವ ಮದ್ದಿನ ಪೈಕಿಯದೇ ಆದರೆ ‘ನಮ್ಮವರೇ’ ಎಂದು ನಿಶ್ಚಿಂತೆ. ನೆಂಟರಲ್ಲೇ ನೆಂಟಸ್ತನ ಬೆಳೆಸಿದ ಹಾಗೆ ಅಂತ ಅತ್ತೆ ಹೇಳಿಕೊಟ್ಟಿದ್ದಳು, ಅವಳಿಗೆ ಅವಳ ಅತ್ತೆ ಹೇಳಿದ್ದಳು. ನಾನು ಅದನ್ನು ಮೂವತ್ತು ವರ್ಷ ಊರಿಗೆಲ್ಲ ಹೇಳಿದೆ.

ಇನ್ನು ನಮ್ಮ ಮನೆಯವರ ಸಂಗತಿ. ಅವರ ಹೆಸರನ್ನು ನಾನು ಹೇಳುವುದಿಲ್ಲ. ಊರವರು ಕಂಡಕ್ಟರ್ ಕೊಟ್ರಬಸಪ್ಪ ಅನ್ನುತ್ತಾರೆ. ಅದು ಅವರು ಹೇಳಿದ್ದು, ನಾನು ಹೇಳಿದ್ದಲ್ಲ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಟಿಕೇಟು ಹರಿದವರು. ನಿಂತು ನಿಂತು ಮೊಣಕಾಲು ಸವೆದವು. ಮೂರು ವರ್ಷದ ಹಿಂದೆ ಎದೆಯ ಬಡಿತದಲ್ಲಿ ತಾಳ ತಪ್ಪಿ, ಹೀಗೆ ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ ಎಂದು ಡಾಕ್ಟರು ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟರು. ಅದು ದಿನಾ ಸಂಜೆ ಒಂದು. ಬಲು ಸಭ್ಯ ಗುಳಿಗೆ, ಒಬ್ಬಂಟಿ, ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿತ್ತು. ಇಡೀ ಊರಿನ ಹೊಟ್ಟೆಯ ಗಲಾಟೆ ಕೇಳಿ ತಲೆ ಚಿಟ್ಟು ಹಿಡಿದವಳಿಗೆ ಮನೆಯಲ್ಲಿ ಅದೊಂದು ನೆಮ್ಮದಿ.

ಹೋದ ದೀಪಾವಳಿ ಕಳೆದು ವಾರವಾಗಿರಬೇಕು. ಒಂದು ಸಂಜೆ ಅವರು ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಾಗ ಹೊಟ್ಟೆಯಿಂದ ಎರಡು ದನಿ ಕೇಳಿದವು. ಏನು ಹೊಸದು ಎಂದು ಕೇಳಿದೆ. ಶಕ್ತಿ ಗುಳಿಗೆ, ಪೇಟೆಯಲ್ಲಿ ಎಲ್ಲರೂ ತಗೋತಾರೆ ಎಂದರು. ನಾನು ಕಟ್ಟಳೆಯಂತೆ ಮೂರು ಸಲ ತಟ್ಟಿ, ಯಾರ ಪೈಕಿ ಎಂದು ಕೇಳಿದೆ. ಒಳಗಿಂದ ಹೊಸ ದನಿ ಬಲು ವಿನಯದಿಂದ, “ನಾನೂ ಇವರ ಪೈಕೀನರಿ” ಎಂದಿತು. ಹಳೆಯದು “ಹೌದವ್ವಾ, ನಮ್ಮಾಕಿನ” ಎಂದು ದನಿಗೂಡಿಸಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಛಲೋ ಆತು ಎಂದೆ. ಹೊರಗಿನವರಲ್ಲ ಅಂದಮೇಲೆ ಇನ್ನೇನು ಕೇಳುವುದು ಎಂದು ಎದ್ದು ದೀಪ ಹಚ್ಚಲು ಹೋದೆ.

ಮೂರನೆಯ ದಿನ ಎರಡೂ ಸೇರಿ ಹಾಡತೊಡಗಿದವು. ನನ್ನ ಆಯುಷ್ಯದಲ್ಲಿ ಎಷ್ಟು ಹೊಟ್ಟೆ ಕೇಳಿದ್ದೇನೆ, ಬಯ್ದಾಟ ಕೇಳಿದ್ದೇನೆ, ಅಳು ಕೇಳಿದ್ದೇನೆ, ಹಾಡು ಕೇಳಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು ಎದುರುಬದುರು ಕೂತು ಹಾಡುವ ದಾಟಿ. ಒಂದು ‘ಚೆಲುವಾಗಲಿ’ ಎಂದು ಎಳೆಯುವುದು, ಇನ್ನೊಂದು ‘ಇನ್ನೂ ಚೆಲುವಾಗಲಿ’ ಎಂದು ಏರಿಸುವುದು, ಆಮೇಲೆ ಎರಡೂ ಕೂಡಿ ‘ನೀ ಒಂದೆಳೆ, ನಾ ಒಂದೆಳೆ, ಇನ್ನೂ ಇನ್ನೂ ಚೆಲುವಾಗಲಿ’ ಎನ್ನುವುದು. ದಾರಿಯಲ್ಲಿ ಹೋಗುವವರು ನಿಂತರು. ನಾಲ್ಕು ದಿನದಲ್ಲಿ ನಮ್ಮ ಕಟ್ಟೆಯ ಮುಂದೆ ಸಂಜೆ ಐದಕ್ಕೆ ಜನ ಸೇರುವುದು ರೂಢಿಯಾಯಿತು. ಮನೆಯಿಂದ ಚಾಪೆ ತಂದರು. ನಾನು ದಿನಾ ಕಡಲೆ ಗುಗ್ಗರಿ ಮಾಡಿ ಹಂಚಿದೆ. ಶಂಕ್ರವ್ವ ಆ ಹಾಡು ಕಲಿತು ಒಬ್ಬ ಬಸುರಿಯ ಕುಪ್ಪಸದ ಕಾರ್ಯದಲ್ಲಿ ಹಾಡಿಯೂ ಬಂದಳು. ಹೊಸದಾಗಿ ಮದುವೆಯಾದ ಜೋಡಿಗಳನ್ನು ಕರೆತಂದು ನಮ್ಮ ಮನೆಯವರ ಎದುರಿಗೆ ಕೂರಿಸಿ, ‘ನೋಡ್ರಿ, ಹಿಂಗಿರಬೇಕು ಹೊಂದಾಣಿಕೆ’ ಎಂದು ಬುದ್ಧಿ ಹೇಳಿದವರೂ ಇದ್ದರು. ನನಗೆ ಬಂದ ಜಂಬವನ್ನು ಏನು ಹೇಳಲಿ. ಮದ್ದು ಕೇಳುವವಳ ಗಂಡನ ಹೊಟ್ಟೆ ಎಂದರೆ ಹೀಗಿರಬೇಕು ಎಂದು ನಾಲ್ಕು ಜನ ಅಂದದ್ದನ್ನು ನಾನು ಹತ್ತು ಜನಕ್ಕೆ ಹೇಳಿದೆ.

ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿತ್ತು. ಎರಡು ವರ್ಷದಿಂದ ಅವರಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಅವರ ಊಟ ಪಡಸಾಲೆಯ ಕುರ್ಚಿಯ ಮೇಲೆ, ನನ್ನದು ಒಳಗೆ ಒಲೆಯ ಮುಂದೆ. ಹಾಡು ಶುರುವಾದ ವಾರದಲ್ಲೇ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ನಿಧಾನವಾಗಿ ಬಗ್ಗಿ, ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡುತ್ತಲೇ ಕೂತೆ. ಹೊಟ್ಟೆಯೊಳಗೆ ಒಗ್ಗಟ್ಟಿದ್ದರೆ ಮೊಣಕಾಲೂ ಮಾತು ಕೇಳುತ್ತದೆ ಎಂದು ಮರುದಿನ ಚಾಪೆಗೆ ಬಂದವರಿಗೆಲ್ಲ ಉಪದೇಶ ಮಾಡಿದೆ. ಊರಿಗೆಲ್ಲ ಬುದ್ಧಿ ಹೇಳುವವಳ ತಲೆಯಲ್ಲಿ ಅಷ್ಟೇ ಬುದ್ಧಿ ಇತ್ತು.

ಅವರ ತೋಳಿನ ಮೇಲೆ ನೀಲಿ ಕಲೆಗಳು ಕಂಡವು. ಬಾಗಿಲು ತಾಗಿತು ಎಂದರು, ನಂಬಿದೆ. ಹಲ್ಲುಜ್ಜಿ ಉಗುಳಿದ ನೀರು ಕೆಂಪಗಿತ್ತು. ಎಲೆ ಅಡಿಕೆಯ ಬಣ್ಣ ಎಂದುಕೊಂಡೆ. ಹದಿನೆಂಟನೆಯ ದಿನವೋ ಹತ್ತೊಂಬತ್ತನೆಯ ದಿನವೋ, ಸೋಮವಾರ ಬೆಳಿಗ್ಗೆ, ಗಡ್ಡ ಹೆರೆದುಕೊಳ್ಳುವಾಗ ಗದ್ದದ ಬಳಿ ಕೂದಲೆಳೆಯಷ್ಟು ಗಾಯವಾಯಿತು. ಅರಿಶಿನ ಒತ್ತಿದೆ. ಕಾಫಿಪುಡಿ ಒತ್ತಿದೆ. ಟವೆಲಿನ ಒಂದು ಅಂಚು ತೊಯ್ದು ಇನ್ನೊಂದು ಅಂಚಿಗೆ ಬಂದರೂ ರಕ್ತ ನಿಲ್ಲಲಿಲ್ಲ. ಅರ್ಧ ತಾಸಾಗಿತ್ತು. ಆಗ ಅವರು, ಮೋಡದ ಸುದ್ದಿ ಹೇಳುವಷ್ಟು ಸಹಜವಾಗಿ, ಎರಡು ದಿನದಿಂದ ಬಯಲುಕಡೆಗೆ ಡಾಂಬರಿನಷ್ಟು ಕಪ್ಪಗೆ ಆಗುತ್ತಿದೆ, ತಲೆಯೂ ತುಸು ತಿರುಗುತ್ತಿದೆ ಎಂದರು.

ಅವರನ್ನು ಚಾಪೆಯ ಮೇಲೆ ಮಲಗಿಸಿ ಲಾಳಿಕೆ ತಂದೆ. ಹೇಳಿದರೆ ನಗುತ್ತೀರಿ, ಮೂರು ವರ್ಷದಲ್ಲಿ ಒಂದು ಸಲವೂ ಗಂಡನ ಹೊಟ್ಟೆಗೆ ನಾನು ಲಾಳಿಕೆ ಇಟ್ಟಿರಲಿಲ್ಲ. ಅಂಗಳಕ್ಕೇ ಕೇಳುವ ಹಾಡಿಗೆ ಲಾಳಿಕೆ ಯಾಕೆ ಎಂದುಕೊಂಡಿದ್ದೆ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ. ಈಗ ಕಿವಿ ಹಚ್ಚಿ ಉಸಿರು ಹಿಡಿದು ಕೇಳಿದೆ. ರಾಗ ಅದೇ ಇತ್ತು. ಮಾತು ಬೇರೆ ಇತ್ತು. ಅವು ಮೊದಲಿನಿಂದಲೂ ಚೆಲುವಾಗಲಿ ಅಂದಿರಲೇ ಇಲ್ಲ. ‘ತೆಳುವಾಗಲಿ’ ಎಂದು ಒಂದು ಎಳೆಯುತ್ತಿತ್ತು. ‘ಇನ್ನೂ ತೆಳುವಾಗಲಿ’ ಎಂದು ಇನ್ನೊಂದು ಏರಿಸುತ್ತಿತ್ತು. ನೀ ಒಂದೆಳೆ, ನಾ ಒಂದೆಳೆ ಎಂದು ಎರಡೂ ಕೂಡಿ ನನ್ನ ಗಂಡನ ರಕ್ತವನ್ನು ಎಳೆಎಳೆಯಾಗಿ ತೆಳುವು ಮಾಡುತ್ತಿದ್ದವು. ಅದಕ್ಕೆ ನಾನು ಊರನ್ನೆಲ್ಲ ಕೂಡಿಸಿ ಗುಗ್ಗರಿ ಹಂಚಿದ್ದೆ.

ಕೂಗಿಕೊಂಡೆನೋ ಏನೋ, ಎದುರುಮನೆಯ ದರ್ಜಿ ಹೊನ್ನೂರಸಾಬ ಹೊಲಿಗೆ ಬಿಟ್ಟು ಓಡಿಬಂದ. ಅವನೂ ನಮ್ಮ ಮನೆಯವರೂ ಚಡ್ಡಿ ದೋಸ್ತರು. ಟವೆಲು ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಹೋಗಿ ಆಟೋ ತಂದ. ಆಟೋದಲ್ಲಿ ದಾರಿಯುದ್ದಕ್ಕೂ ಹಾಡು ನಡೆದೇ ಇತ್ತು. ಆಟೋದವನು ತಲೆದೂಗಿ ಕನ್ನಡಿಯಲ್ಲಿ ನಕ್ಕ. ಅವನ ತಪ್ಪೇನೂ ಇರಲಿಲ್ಲ, ನಿನ್ನೆಯ ತನಕ ನಾನೂ ಹಾಗೇ ನಕ್ಕಿದ್ದೆ.

ಇಂದುಮತಿ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆಗೆ ಕೊಟ್ಟರು. ಏನೇನು ನುಂಗುತ್ತೀರಿ ಎಲ್ಲಾ ಹೇಳಬೇಕು ಎಂದು ಕೇಳಿದರು. ಇವರು ಶಕ್ತಿ ಗುಳಿಗೆ ಎಂದರು. ಡಾಕ್ಟರು ಮತ್ತೊಮ್ಮೆ ಕೇಳಿದರು. ಮತ್ತೆ ಶಕ್ತಿ ಗುಳಿಗೆ. ಆಗ ಬಾಗಿಲಲ್ಲಿ ನಿಂತಿದ್ದ ಹೊನ್ನೂರಸಾಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಶಕ್ತಿ ಗುಳಿಗಿ ಅಲ್ಲರಿ ಅದು, ನನ್ನ ಮೊಣಕಾಲು ನೋವಿನ ಗುಳಿಗಿ. ನನಗ ಛಲೋ ಆಗಿತ್ತು. ಇಂವ ಕೇಳಿದ, ಕೊಟ್ಟೆ. ಅಕ್ಕಗ ಹೇಳಬ್ಯಾಡ ಅಂದಿದ್ದ.”

ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ನೋವಿನ ಗುಳಿಗೆ ಹೊನ್ನೂರಸಾಬನ ಹೊಟ್ಟೆಯಲ್ಲಿ ಒಂಟಿಯಾಗಿದ್ದಾಗ ನೋವು ಕಳೆದು ಸುಮ್ಮನಿತ್ತು. ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಸೇರಿದರೆ ಅದೂ ಅದೇ ಕೆಲಸಕ್ಕೆ ಕೈ ಹಚ್ಚುತ್ತದೆ, ಸಾಲದ್ದಕ್ಕೆ ಹೊಟ್ಟೆಯ ಒಳಗೋಡೆಯನ್ನೂ ಕೆರೆಯುತ್ತದೆ ಎಂದು ತಿಳಿಸಿದರು. ಒಳಗೆ ಎಲ್ಲೋ ರಕ್ತ ಸೋರುತ್ತಿದೆ. ಎರಡೂ ಗುಳಿಗೆ ಈಗಲೇ ಬಂದ್. ಹೊತ್ತು ಮುಳುಗುವುದರೊಳಗೆ ಸೋರುವುದು ನಿಂತರೆ ಗೆದ್ದೆವು, ಇಲ್ಲದಿದ್ದರೆ ದೂರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ದಾರಿಯ ಭರವಸೆ ನಾನು ಕೊಡಲಾರೆ ಎಂದರು.

“ಅವೆರಡೂ ಜಗಳ ಆಡಿದ್ರ ಛಲೋ ಇತ್ತು ನೀಲಗಂಗಮ್ಮಾರ” ಎಂದರು. “ನೀವು ಮೊದಲನೇ ದಿನಾನ ನನ್ನ ಕಡೆ ಬರ್ತಿದ್ರಿ. ಅತಿ ಸ್ನೇಹ ಗತಿ ಕೇಡು.”

ಈ ಗಾದೆ ನನಗೆ ಗೊತ್ತಿರಲಿಲ್ಲವೇ. ಹುಟ್ಟಿದಾಗಿನಿಂದ ಗೊತ್ತಿತ್ತು. ಹೊಟ್ಟೆಗೆ ಹಚ್ಚಿ ನೋಡಿರಲಿಲ್ಲ ಅಷ್ಟೆ.

ಅವರ ರಟ್ಟೆಗೆ ಸೂಜಿ ಹಾಕಿದರು, ರಕ್ತದ ಬಾಟಲಿ ತೂಗುಹಾಕಿದರು. ಸೂಜಿಮದ್ದು ಹೊಟ್ಟೆಗೆ ಇಳಿಯುವುದಿಲ್ಲ, ರಟ್ಟೆಯಲ್ಲೇ ಪಿಸುಗುಟ್ಟುತ್ತದೆ. ‘ಗಟ್ಟಿ, ಗಟ್ಟಿ’ ಎಂದು ಅದರ ಸಣ್ಣ ದನಿ ಕೇಳುತ್ತಿತ್ತು. ಆದರೆ ಹೊಟ್ಟೆಯ ಹಾಡಿನ ಮುಂದೆ ಅದು ಎಲ್ಲಿ ಸಾಕು. ನಾನು ಮಂಚದ ಪಕ್ಕ ಕೂತು ಲಾಳಿಕೆಯಲ್ಲಿ ಬಾಯಿಟ್ಟು, ಸಾಕು ನಿಲ್ಲಿಸಿರಿ, ನಿಮಗೆ ಕೈ ಮುಗಿಯುತ್ತೇನೆ ಎಂದು ಬೇಡಿಕೊಂಡೆ. ಬಯ್ದೂ ನೋಡಿದೆ. ಹೊಸದು ಹಾಡು ನಿಲ್ಲಿಸಿ, ನಿಜಕ್ಕೂ ಅರ್ಥವಾಗದ ದನಿಯಲ್ಲಿ ನನ್ನನ್ನೇ ಕೇಳಿತು.

“ನಾವೇನು ತಪ್ಪು ಮಾಡೇವಿ? ಒಂದೇ ಪೈಕಿ ಅಂತ ಹೇಳಿದ್ದೆವಲ್ಲ. ನೀವ ಛಲೋ ಆತು ಅಂದಿರಿ.”

ಗುಳಿಗೆ ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದೆ, ಅದೂ ಇದ್ದದ್ದನ್ನೇ ಹೇಳಿತ್ತು, ನಾನು ಅದನ್ನು ತಿರುವುಮುರುವು ತಿಳಿದಿದ್ದೆ. ಅವು ಮತ್ತೆ ಹಾಡಲು ಶುರುಮಾಡಿದವು. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡಿದ್ದರು, ಮುಖ ಹತ್ತಿಯ ಹಾಗೆ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದಿದ್ದ ಅವರ ಕೈಯಲ್ಲಿ ಬಲವಿರಲಿಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ಆ ದಿನ ಪಟ್ಟ ಹೆದರಿಕೆಯನ್ನು ನಾನು ಎಂದೂ ಪಟ್ಟಿರಲಿಲ್ಲ.

ಐದಾಗುತ್ತಿದ್ದಂತೆ ದವಾಖಾನೆಯ ಮುಂದೆ ಗದ್ದಲ ಕೇಳಿತು. ನಮ್ಮ ಕಟ್ಟೆ ಖಾಲಿ ಕಂಡು ಜನ ಹುಡುಕಿಕೊಂಡು ಇಲ್ಲಿಗೇ ಬಂದಿದ್ದರು, ಚಾಪೆ ಸಮೇತ. ಕಿಟಕಿಯಿಂದ ಹಾಡು ಕೇಳಿ ಕೆಲವರು ಕೂತೂಬಿಟ್ಟಿದ್ದರು. ಶಂಕ್ರವ್ವ ದನಿಗೂಡಿಸುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು, ಆಮೇಲೆ ಅದು ನನ್ನ ಮೇಲೆಯೇ ತಿರುಗಿತು. ಎದ್ದು ಹೊರಗೆ ಮೆಟ್ಟಿಲ ಮೇಲೆ ನಿಂತೆ. ಮೂವತ್ತು ವರ್ಷ ಇವರಿಗೆ ನಾನು ಹೇಳಿದ್ದೇ ವೇದವಾಕ್ಯ.

“ಹಾಡಬ್ಯಾಡ್ರಿ” ಎಂದೆ. “ಅದು ಚೆಲುವು ಅಲ್ಲ, ತೆಳುವು. ನಮ್ಮ ಮನೆಯವರ ರಕ್ತ ಸೋರಾಕತ್ತೈತಿ. ನಾ ರಾಗ ಕೇಳಿದೆ, ಮಾತು ಕೇಳಲಿಲ್ಲ. ಒಂದೇ ಪೈಕಿ ಅಂದ್ರ ಚಿಂತಿಲ್ಲ ಅಂತ ನಿಮಗೆಲ್ಲ ಹೇಳಿದಾಕಿ ನಾನ. ಅದು ಸುಳ್ಳು.”

ಶಂಕ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಬಯ್ಯುತ್ತಾರೆ, ಆಡಿಕೊಳ್ಳುತ್ತಾರೆ ಅಂತ ಕಾದೆ. ಒಬ್ಬರೂ ಅನ್ನಲಿಲ್ಲ, ಎದ್ದೂ ಹೋಗಲಿಲ್ಲ. ಚಾಪೆ ಸುತ್ತಿ ಪಕ್ಕಕ್ಕಿಟ್ಟು ಅಂಗಳದಲ್ಲೇ ನಿಂತರು. ಹಾಡು ನಿಲ್ಲಲಿ ಎಂದು ಇಡೀ ಊರು ಕಿವಿಗೊಟ್ಟು ನಿಂತದ್ದು ಅದೇ ಮೊದಲು.

ಆರಕ್ಕೆ ಸ್ವಲ್ಪ ಮೊದಲು ಎರಡನೆಯ ದನಿ ಒಡೆಯತೊಡಗಿತು. ‘ಇನ್ನೂ’ ಎಂದು ಏರಿಸಲು ಹೋಗಿ ಏರಿಸಲಾರದೆ ನಿಂತಿತು. ಮೊದಲನೆಯದು ಎರಡು ಸಲ ಒಬ್ಬಂಟಿಯಾಗಿ ಎಳೆದು, ಜೊತೆ ಸಿಗದೆ, ತಾನೂ ಗುನುಗಿಗೆ ಇಳಿಯಿತು. ಆಮೇಲೆ ರಟ್ಟೆಯ ಸೂಜಿಮದ್ದಿನ ‘ಗಟ್ಟಿ, ಗಟ್ಟಿ’ ಮಾತ್ರ ಕೇಳುತ್ತಿತ್ತು. ಡಾಕ್ಟರು ಬಂದು ಗದ್ದದ ಹತ್ತಿ ತೆಗೆದು ನೋಡಿದರು. ಹತ್ತಿ ಒಣಗಿತ್ತು. ನಾಡಿ ಹಿಡಿದು ಬಹಳ ಹೊತ್ತು ನಿಂತು, ನನ್ನ ಭುಜ ತಟ್ಟಿ, ಹೋಗಿ ಏನಾದರೂ ತಿನ್ನಿ ಎಂದರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಹೊನ್ನೂರಸಾಬನೂ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಂಗಳದ ಜನ ಕೈಯೆತ್ತಿ ಮುಗಿದು ಮನೆಗೆ ಹೋದರು.

ಮರುದಿನದಿಂದ ಊರಲ್ಲಿ ಹೊಸ ಕೆಲಸ ಶುರುವಾಯಿತು. ಯಾರ್ಯಾರ ಹೊಟ್ಟೆಯಲ್ಲಿ ಏನೇನು ಸ್ನೇಹ ನಡೆದಿದೆ ಎಂದು ಜನ ತಾವೇ ಹುಡುಕಿಕೊಂಡು ಬಂದರು. ಅಂಚೆಯ ಗುರುಶಾಂತಯ್ಯ ನೆಗಡಿಗೆ ಒಂದು, ತುರಿಕೆಗೆ ಒಂದು ಗುಳಿಗೆ ನುಂಗುತ್ತಿದ್ದ. ಎರಡೂ ನಿದ್ದೆಯ ಪೈಕಿಯವು, ಒಳಗೆ ಜೋಡಿ ಜೋಗುಳ ಹಾಡುತ್ತಿದ್ದವು. ಅವನು ತಿಂಗಳಿಂದ ಕೌಂಟರಿನಲ್ಲಿ ಕಣ್ಣು ಮುಚ್ಚಿಕೊಂಡೇ ಇರುವುದನ್ನು ಕಂಡು, ವಯಸ್ಸಾದ ಮೇಲೆ ಎಂಥ ಸಮಾಧಾನಿ ಆದ ಎಂದು ನಾವೆಲ್ಲ ಹೊಗಳಿದ್ದೆವು. ಅವನನ್ನು ನೇರ ಡಾಕ್ಟರ ಬಳಿಗೆ ಅಟ್ಟಿದೆ. ಈಗ ಯಾರ ಹೊಟ್ಟೆಯಿಂದಲಾದರೂ ‘ಒಂದೇ ಪೈಕಿ’ ಎಂಬ ಮಾತು ಬಂದರೆ, ಲಾಳಿಕೆ ಕೆಳಗಿಟ್ಟು ಚೀಟಿ ಬರೆದುಕೊಡುತ್ತೇನೆ, ಮೊದಲು ದವಾಖಾನೆ, ಆಮೇಲೆ ನನ್ನ ಚಾಪೆ.

ಆರನೆಯ ದಿನ ಅವರನ್ನು ಮನೆಗೆ ಕರೆತಂದೆವು. ರಕ್ತ ತೆಳುವಾಗುವ ಗುಳಿಗೆಯನ್ನು ಕಡಿಮೆ ಮಾಡಿ ಮತ್ತೆ ಶುರುಮಾಡಿದ್ದರು. ಮೊಣಕಾಲಿಗೆ ಹಚ್ಚುವ ಮುಲಾಮು ಕೊಟ್ಟು, ಅದನ್ನೂ ಅಳತೆ ಮೀರಿ ಬಳಿಯಬೇಡಿ ಎಂದು ಹೇಳಿದ್ದರು. ಮಧ್ಯಾಹ್ನ ಅವರ ತಟ್ಟೆಯನ್ನು ಪಡಸಾಲೆಯ ಕುರ್ಚಿಯ ಮುಂದೆ ಇಟ್ಟು ಒಳಗೆ ಹೊರಟಿದ್ದೆ. ತಡೆಯಲಾಗದೆ ತಿರುಗಿ ನಿಂತು ಕೇಳಿದೆ. ಸಾಯುವ ಹೊತ್ತಿಗೂ ಶಕ್ತಿ ಗುಳಿಗೆ ಅಂತ ಸುಳ್ಳು ಹೇಳಿದಿರಲ್ಲ, ಅಂಥಾದ್ದು ಏನು ಇತ್ತು, ಮೊಣಕಾಲು ನೋವು ತಡೆಯದಷ್ಟು ಆಗಿತ್ತೇ ಎಂದೆ. ಅವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

“ನೋವು ಏನ್ ಹೊಸಾದಲ್ಲ ಬಿಡು. ನೀ ಒಳಗ ಉಣ್ಣತಿದ್ದಿ, ನಾ ಹೊರಗ. ಎರಡು ವರ್ಷ ಆತು ನೀ ಉಣ್ಣೂದು ನೋಡಿ. ಕೆಳಗ ಕುಂದ್ರಾಕ ಬಂದ್ರ ಸಾಕಾಗಿತ್ತು ನನಗ.”

ಊರಿನ ಹೊಟ್ಟೆಗಳಲ್ಲಿ ಆಡಿದ ಮಾತನ್ನೆಲ್ಲ ಕೇಳಿದವಳು ನಾನು. ಮನೆಯೊಳಗೆ ಎರಡು ವರ್ಷ ಬಾಯಿಬಿಟ್ಟು ಆಡದೆ ಇದ್ದ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ.

“ಹೇಳಿದ್ರ ನಾನ ಮ್ಯಾಲೆ ಬರ್ತಿದ್ದೆನಲ್ಲರಿ” ಎಂದೆ.

ಅವರು ನನ್ನನ್ನು ನೋಡಿದರು. ಒಲೆಯ ಮುಂದಲ್ಲದೆ ಇನ್ನೆಲ್ಲೂ ಉಣ್ಣದವಳು ಕುರ್ಚಿ ಹತ್ತುತ್ತಾಳೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಎದುರುಮನೆಗೆ ಹೋಗಿ ಹೊನ್ನೂರಸಾಬನಿಂದ ಅವನು ಹೊಲಿಯಲು ಕೂರುವ ಎತ್ತರದ ಸ್ಟೂಲನ್ನು ಇಸಿದುಕೊಂಡು ಬಂದೆ. ಅವರ ಎದುರಿಗೆ ಹಾಕಿ, ತಟ್ಟೆ ಕೈಯಲ್ಲಿ ಹಿಡಿದು, ಸೀರೆ ಸಾವರಿಸಿಕೊಂಡು ಹತ್ತಿ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ. ತೂಗಾಡುವ ನನ್ನ ಕಾಲು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಬಿದ್ದರೆ ನಿಮ್ಮ ಮೈಮೇಲೆಯೇ ಬೀಳುವುದು, ನೆನಪಿರಲಿ ಎಂದೆ. ಅವರು ತಮ್ಮ ಪಾದವನ್ನು ಮುಂದೆ ಚಾಚಿ, ಅದರ ಮೇಲೆ ಕಾಲಿಟ್ಟುಕೋ ಎಂದರು. ಇಟ್ಟೆ. ನನ್ನ ತಟ್ಟೆಯ ಬದನೆಕಾಯಿ ಪಲ್ಯದಿಂದ ಒಂದು ಹೋಳು ತೆಗೆದುಕೊಂಡರು. ಅವರ ಹೊಟ್ಟೆಯೊಳಗೆ ಗುಳಿಗೆ ಏನೋ ಹೇಳುತ್ತಿತ್ತು. ಊಟ ಮುಗಿಯುವ ತನಕ ನಾನು ಅದಕ್ಕೆ ಕಿವಿಗೊಡಲಿಲ್ಲ.